ಸತ್ಯಾಂಶ: ಮಾಡೆಲ್ ಜೆಟ್ ಎಂಜಿನ್‌ಗೆ ಮಾಮೂಲಿ ಬೇರಿಂಗ್ ನಡೆಯುತ್ತದೆಯೇ?

"ಮಾಡೆಲ್ ಜೆಟ್‌ನ ಟರ್ಬೈನ್ ಬೇರಿಂಗ್ ಹೋದರೆ ಚಿಂತೆ ಬೇಡ, ಅದೇ ಅಳತೆಯ ಮಾಮೂಲಿ ಬೇರಿಂಗ್ ಹಾಕಿಸಿ" ಎಂಬ ಸಂದೇಶ ಬೆಳಗಾವಿಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು, ಅಪಾಯಕಾರಿ ಕೂಡ.

ರಿಮೋಟ್‌ನಿಂದ ಹಾರಿಸುವ ಮಾದರಿ ವಿಮಾನದ ಈ ಪುಟ್ಟ ಎಂಜಿನ್‌ನ ಶಾಫ್ಟ್ ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದಕ್ಕೆಂದೇ ಉಕ್ಕಿನ ಬಳೆಗಳ ನಡುವೆ ಸೆರಾಮಿಕ್ ಗುಂಡುಗಳಿರುವ ಬೇರಿಂಗ್ ಬೇಕು. ಹೆಚ್ಚಿನ ಎಂಜಿನ್‌ಗಳಲ್ಲಿ ಬೇರೆ ಆಯಿಲ್ ಟ್ಯಾಂಕೂ ಇಲ್ಲ, ಇಂಧನಕ್ಕೆ ಶೇ. 5ರಷ್ಟು ಬೆರೆಸಿದ ಟರ್ಬೈನ್ ಆಯಿಲ್‌ನಿಂದಲೇ ಬೇರಿಂಗ್ ಬದುಕಬೇಕು. ಅದನ್ನು ಬೆರೆಸಲು ಮರೆತರೆ ಹೊಸ ಬೇರಿಂಗೂ ಉಳಿಯದು.

ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗ್‌ನ ಲೇತ್ ಕೆಲಸಗಾರರ ಕೈಚಳಕದ ಬಗ್ಗೆ ಎರಡು ಮಾತಿಲ್ಲ. ಆದರೆ ಬೇರಿಂಗ್ ಬದಲಿಸಿದ ಮೇಲೆ ರೋಟರನ್ನು (ಶಾಫ್ಟ್ ಮತ್ತು ಅದರ ಜೊತೆ ತಿರುಗುವ ಚಕ್ರಗಳನ್ನು) ಸೂಕ್ಷ್ಮ ಯಂತ್ರದಲ್ಲಿ ಬ್ಯಾಲೆನ್ಸ್ ಮಾಡಿಸಲೇಬೇಕು. ತೂಕ ಚೂರು ಹೆಚ್ಚುಕಮ್ಮಿಯಾದರೂ ಚಕ್ರ ಕವಚಕ್ಕೆ ಉಜ್ಜುತ್ತದೆ. ತಯಾರಕರು ಸೂಚಿಸಿದ ಅವಧಿಗೆ, ಹಲವು ಎಂಜಿನ್‌ಗಳಿಗೆ ಅದು 25 ಗಂಟೆಗಳ ಓಟ, ಅಧಿಕೃತ ಸರ್ವಿಸ್‌ಗೇ ಕಳಿಸಿ.