ಗೆದ್ದದ್ದು ಸರಿ, ಶೈಲಿ ಸರಿಯಿಲ್ಲ

ಕೋಚ್ ಕೆಲಸ ಹೋಗಬೇಕಾದರೆ ತಂಡ ಸೋಲುತ್ತಾ ಇರಬೇಕು ಅಂತ ನಾವೆಲ್ಲ ನಂಬಿದ್ದೆವು. ಈ ಮೂಢನಂಬಿಕೆಯನ್ನು 2017ರಲ್ಲಿ ಭಾರತೀಯ ಕ್ರಿಕೆಟ್ ಹೋಗಲಾಡಿಸಿತು. ಪ್ರಯೋಗಕ್ಕೆ ಸಿಕ್ಕವರು ನಮ್ಮ ಅನಿಲ್ ಕುಂಬ್ಳೆ.

ಟೆಸ್ಟ್‌ನಲ್ಲಿ 619 ವಿಕೆಟ್ ಕಿತ್ತವರು. 2002ರಲ್ಲಿ ಆಂಟಿಗಾದಲ್ಲಿ ದವಡೆ ಮುರಿದಿದ್ದರೂ ಮುಖಕ್ಕೆ ಬ್ಯಾಂಡೇಜ್ ಸುತ್ತಿಕೊಂಡು ಬಂದು 14 ಓವರ್ ಎಸೆದರು, ವೆಸ್ಟ್ ಇಂಡೀಸ್‌ನ ಘಟಾನುಘಟಿ ಬ್ಯಾಟ್ಸ್‌ಮನ್ ಲಾರಾ ವಿಕೆಟನ್ನೂ ತೆಗೆದರು. ತೊಂದರೆ ಶುರುವಾಗಿದ್ದು ಅಲ್ಲೇ ಇರಬೇಕು ಅನ್ನೋದು ನನ್ನ ಊಹೆ. ಇಂಥವರ ಮುಂದೆ ನಿಂತು "ಸಾರ್, ಇವತ್ತು ಸ್ವಲ್ಪ ಮೈಕೈ ನೋವು, ನೆಟ್ಸ್‌ಗೆ ಬರಲ್ಲ" ಅಂತ ಯಾವ ಬಾಯಲ್ಲಿ ಹೇಳೋದು? ಕಷ್ಟ, ಅಲ್ವಾ?

2016ರಲ್ಲಿ ಕೋಚ್ ಕೆಲಸಕ್ಕೆ 57 ಅರ್ಜಿ ಬಂದಿದ್ದವು. ಸಚಿನ್, ಗಂಗೂಲಿ, ಲಕ್ಷ್ಮಣ್ ಕೂತು ಸೋಸಿ ಸೋಸಿ ಕುಂಬ್ಳೆಯವರನ್ನು ಆರಿಸಿದರು. ಅವರ ಒಂದು ವರ್ಷದಲ್ಲಿ ತಂಡ 17 ಟೆಸ್ಟ್ ಆಡಿ 12 ಗೆದ್ದಿತು. ಸೋತದ್ದು ಪುಣೆಯಲ್ಲಿ, ಒಂದೇ ಒಂದು. ಟೆಸ್ಟ್ ಸರಣಿ ಸೋತದ್ದೇ ಇಲ್ಲ.

ಇಷ್ಟೆಲ್ಲ ಆದ ಮೇಲೆ ಕ್ರಿಕೆಟ್ ಮಂಡಳಿ ಸುಮ್ನೆ ಕೂರುತ್ತದೆಯೇ? ಮೇ 25ಕ್ಕೆ ಹೊಸ ಕೋಚ್ ಬೇಕು ಅಂತ ಅರ್ಜಿ ಕರೆಯಿತು. ಚಾಂಪಿಯನ್ಸ್ ಟ್ರೋಫಿ ಶುರುವಾಗಲು ಆಗ ಇನ್ನೊಂದು ವಾರ ಇತ್ತು. ಮದುಮಗ ಹಸೆಮಣೆ ಮೇಲೆ ಕೂತಿರುವಾಗಲೇ ಬೇರೆ ಹುಡುಗನ ಜಾತಕ ತರಿಸಿದ ಹಾಗೆ.

ಫೈನಲ್‌ನಲ್ಲಿ ಪಾಕಿಸ್ತಾನದ ಎದುರು ಸೋಲು. ಎರಡು ದಿನ ಬಿಟ್ಟು ಕುಂಬ್ಳೆ ರಾಜೀನಾಮೆ. ತಂಡದ ನಾಯಕರಿಗೆ (ಆಗ ವಿರಾಟ್ ಕೊಹ್ಲಿ) ನನ್ನ "ಶೈಲಿ" ಬಗ್ಗೆ ತಕರಾರು ಇದೆ ಅಂತ ಮಂಡಳಿ ಮೊದಲ ಸಲ ಹೇಳಿದ್ದೇ ನಿನ್ನೆ ಅಂತ ಅವರು ಬರೆದರು. ಅಂದರೆ ವರ್ಷವಿಡೀ ಯಾರಿಗೂ ಅದನ್ನು ಹೇಳಲು ಪುರುಸೊತ್ತು ಸಿಕ್ಕಿರಲಿಲ್ಲ!

ಶೈಲಿ ಅಂದರೆ ಯಾವುದು? ಬ್ಯಾಟಿಂಗ್ ಶೈಲಿ ಗೊತ್ತು, ಬೌಲಿಂಗ್ ಶೈಲಿ ಗೊತ್ತು. ಕೋಚ್‌ಗೆ ಏನಿರುತ್ತೆ, ಹೇರ್‌ಸ್ಟೈಲಾ? ನಾನಂತೂ ಅವರ ಹಳೇ ಫೋಟೊಗಳನ್ನೆಲ್ಲ ತೆಗೆದು ನೋಡಿದೆ. ಬೈತಲೆ ನೆಟ್ಟಗೇ ಇತ್ತು.

ತಂಡಕ್ಕೆ ಕನ್ನಡಿ ಹಿಡಿಯೋದು ಕೋಚ್ ಕೆಲಸ ಅನ್ನುವ ಮಾತೂ ಅದೇ ಪತ್ರದಲ್ಲಿತ್ತು. ಎಡವಟ್ಟಾಗಿದ್ದು ಇಲ್ಲೇ. ಸ್ಟಾರ್‌ಗಳಿಗೆ ಕನ್ನಡಿ ಹಿಡಿಯುವವರು ಬೇಕು, ನಿಜ. ಆದರೆ ಅದು ಮೇಕಪ್ ರೂಮಿನದಾಗಿರಬೇಕು. ಸುತ್ತ ಬಲ್ಬು ಉರಿಯುತ್ತಿರಬೇಕು, ಮುಖದ ಮೊಡವೆ ಕಾಣಬಾರದು. ಕುಂಬ್ಳೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. ಹೋಗಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ತೋರಿಸುವ ಕನ್ನಡಿ ತಂದುಬಿಟ್ಟರು.

ಮುಂದೆ ಅವರು ಐಪಿಎಲ್‌ನಲ್ಲಿ ಪಂಜಾಬ್ ತಂಡದ ಕೋಚ್ ಆದರು. 2020ರಲ್ಲಿ ತಂಡಕ್ಕೆ ಆರನೇ ಸ್ಥಾನ. 2021ರಲ್ಲಿ ಆರನೇ ಸ್ಥಾನ. 2022ರಲ್ಲೂ ಆರೇ.

ಆ ಕೆಲಸ ಮೂರು ಸೀಸನ್ ಉಳಿಯಿತು.