ಯಾವ ಹುಡುಗನ ತಂದೆ ನೀವು?

ಹೋದ ತಿಂಗಳು ನಮ್ಮ ಕಾರ್ಖಾನೆಯಲ್ಲಿ ಒಂದು ಸಭೆ ನಡೆಯಿತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಹತ್ತಿರದ ಸಣ್ಣ ಫೌಂಡ್ರಿ ಇದು, ಲೋಹ ಕರಗಿಸಿ ಮರಳಿನ ಅಚ್ಚಿಗೆ ಎರಕ ಹೊಯ್ಯುವ ಜಾಗ. ಮಾಲೀಕ ಮಸಿ ಮೆತ್ತಿದ ಕೋಟಿನಲ್ಲೇ ಬಂದು ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತ. ವಿಶ್ವವಿದ್ಯಾಲಯದಿಂದ ಬಂದಿದ್ದ ಪ್ರೊಫೆಸರ್ ಎದುರಿಗೆ ಕುಳಿತು, ನಾಲ್ಕು ತಿಂಗಳಲ್ಲಿ ಏನಾಯಿತು, ಏನಾಗಲಿಲ್ಲ ಎಂದು ವರದಿ ಒಪ್ಪಿಸಿದರು. "ಹೋದ ಸಲ ಬೇರೆ ತಾರೀಖು ಹೇಳಿದ್ದಿರಲ್ಲ?" ಎಂದು ಮಾಲೀಕ ಕೇಳಿದಾಗ ತಡವರಿಸಿದರು ಕೂಡ. ನೋಡಿ, ಇದನ್ನು ಬರೆಯುವಾಗಲೂ ಮಾಲೀಕನಿಗೆ ಏಕವಚನ, ಪ್ರೊಫೆಸರರಿಗೆ ಬಹುವಚನ ತಾನಾಗಿಯೇ ಬಂದುಬಿಟ್ಟಿತು. ನಾನು ಬೆಳೆದು ಬಂದದ್ದೇ ಹಾಗೆ.

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮ ಕಾಕಾ ಫೌಂಡ್ರಿ ನಡೆಸುತ್ತಾರೆ. ಹತ್ತು ಹನ್ನೆರಡು ವರ್ಷದ ಹಿಂದೆ ಅವರು ಹೊಯ್ದ ಪಂಪ್ ಬಾಡಿಗಳು ಪ್ರತಿ ಲಾಟ್‌ನಲ್ಲೂ ಇಷ್ಟು ಎಂಬಂತೆ ವಾಪಸು ಬರುತ್ತಿದ್ದವು. ಒಳಗೆಲ್ಲ ಗಾಳಿ ತೂತು. ಕೊನೆಗೆ ಒಂದು ದಿನ ಎರಡು ಎರಕಗಳನ್ನು ಗೋಣಿಚೀಲದಲ್ಲಿ ಸುತ್ತಿ, ಸ್ಕೂಟರಿನ ಮೇಲೆ ಇಟ್ಟುಕೊಂಡು ಒಂದು ಇಂಜಿನಿಯರಿಂಗ್ ಕಾಲೇಜಿಗೆ ಹೋದರು. ಎರಡು ತಾಸು ಬೆಂಚಿನ ಮೇಲೆ ಕುಳಿತ ಮೇಲೆ ಜವಾನ ಬಂದು ಕೇಳಿದ: "ಯಾವ ಹುಡುಗನ ತಂದೆ ನೀವು? ಫೀಸು ಕಟ್ಟುವುದು ಕೆಳಗಡೆ." ಕಾಕಾ ಚೀಲ ಎತ್ತಿಕೊಂಡು ಮನೆಗೆ ಬಂದರು. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಇಲ್ಲಿ ಪ್ರೊಫೆಸರರೇ ಕಾರ್ಖಾನೆಗೆ ಬಂದು ವರದಿ ಒಪ್ಪಿಸುವ ಈ ಏರ್ಪಾಡಿನ ಹೆಸರು ನಾಲೆಜ್ ಟ್ರಾನ್ಸ್‌ಫರ್ ಪಾರ್ಟ್‌ನರ್‌ಶಿಪ್. 1975ರಲ್ಲಿ ಟೀಚಿಂಗ್ ಕಂಪನಿ ಸ್ಕೀಮ್ ಎಂದು ಶುರುವಾದದ್ದು, 2003ರಲ್ಲಿ ಈ ಹೆಸರು ಪಡೆಯಿತು. ಓದು ಮುಗಿಸಿದ ಒಬ್ಬ ಹುಡುಗನಿಗೋ ಹುಡುಗಿಗೋ ವಿಶ್ವವಿದ್ಯಾಲಯ ನೌಕರಿ ಕೊಡುತ್ತದೆ. ಆದರೆ ಅವರು ಕೆಲಸ ಮಾಡುವುದು ಕಾರ್ಖಾನೆಯಲ್ಲಿ, ಒಂದರಿಂದ ಮೂರು ವರ್ಷ. ಸಣ್ಣ ಉದ್ಯಮವಾದರೆ ಖರ್ಚಿನ ಮೂರರಲ್ಲಿ ಎರಡು ಪಾಲಿನವರೆಗೆ ಸರ್ಕಾರ ಭರಿಸುತ್ತದೆ, ಉಳಿದದ್ದು ಮಾಲೀಕನದು. ಪ್ರೊಫೆಸರ್ ತಾವೇ ಕಾರು ಓಡಿಸಿಕೊಂಡು ಬಂದು ಮರಳಿನ ರಾಶಿಯ ಪಕ್ಕ ನಿಲ್ಲುತ್ತಾರೆ.

ನನ್ನ ಹೊಟ್ಟೆಕಿಚ್ಚು ಇರುವುದು ಅಲ್ಲಿ, ದುಡ್ಡಿನಲ್ಲಲ್ಲ. ದುಡ್ಡು ನಮ್ಮಲ್ಲೂ ಇದೆ. ಜೈವಿಕ ತಂತ್ರಜ್ಞಾನಕ್ಕೆಂದೇ 2012ರಲ್ಲಿ ಬೈರಾಕ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ ಹುಟ್ಟಿಕೊಂಡಿತು. ಹೊಸ ಕಲ್ಪನೆ ಇದ್ದವರಿಗೆ ಅದು 50 ಲಕ್ಷ ರೂಪಾಯಿವರೆಗೆ ಅನುದಾನ ಕೊಡುತ್ತದೆ. ಬಹಳ ಸಂತೋಷ. ಆದರೆ ನಮ್ಮಲ್ಲಿ ಇನ್ನೋವೇಷನ್ ಎಂದರೆ ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಹಿಡಿದ ಇಪ್ಪತ್ತೈದರ ಹುಡುಗ. ಮೂವತ್ತು ವರ್ಷದಿಂದ ಕುಲುಮೆ ಉರಿಸುತ್ತಿರುವವರಿಗೂ ಹೊಸದೊಂದು ಬೇಕಾಗಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ. ಕಾಲೇಜಿನ ಗೇಟು ಅವರ ಪಾಲಿಗೆ ಮಕ್ಕಳ ಫೀಸು ಕಟ್ಟುವ ಜಾಗ, ಅಷ್ಟೇ.

ಒಂದಷ್ಟು ಒಪ್ಪಿಕೊಳ್ಳಬೇಕು. ಇಲ್ಲಿಯ ಅರ್ಜಿ ಬರೆಯುವುದರಲ್ಲಿ ನನ್ನ ಎಷ್ಟು ಶನಿವಾರಗಳು ಹೋದವೋ ಲೆಕ್ಕವಿಲ್ಲ. ಇಷ್ಟೆಲ್ಲ ಆಸರೆಯಿದ್ದೂ ಈ ಭಾಗದಲ್ಲಿ ಮುಚ್ಚಿಹೋದ ಫೌಂಡ್ರಿಗಳೇ ಹೆಚ್ಚು. ಬೆಳಗಾವಿಯ ಕುಲುಮೆಗಳು ಇನ್ನೂ ಉರಿಯುತ್ತಿವೆ. ಅಲ್ಲಿಯೂ ಫೌಂಡ್ರಿ ಕ್ಲಸ್ಟರ್ ಎಂದು ಮಾಡಿಕೊಂಡು, ಬಳಸಿದ ಮರಳನ್ನು ಶುದ್ಧಮಾಡುವ ಸಾಮೂಹಿಕ ವ್ಯವಸ್ಥೆ ಬಂದಿದೆ. ಇನ್ನೊಂದು ಮಾತು, ಹೇಳಲು ಸ್ವಲ್ಪ ಸಂಕೋಚ: ಈ ಏರ್ಪಾಡಿನಲ್ಲಿ ನಮ್ಮ ಕಾರ್ಖಾನೆಗೆ, ಅದೇ ಗಾಳಿ ತೂತಿನ ಕೆಲಸಕ್ಕೆ ಬಂದಿರುವ ಹುಡುಗ ದಾವಣಗೆರೆಯವನು. ಬಿ.ಇ. ಮಾಡಿದ್ದೂ ಅಲ್ಲೇ. ಅವನಿಗೆ ಕಲಿಸಿದವರು ನಮ್ಮ ಮೇಷ್ಟ್ರುಗಳೇ.

ಭಾನುವಾರ ಕಾಕಾನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಪ್ರೊಫೆಸರ್ ತಡವರಿಸಿದ ಭಾಗಕ್ಕೆ ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ.

"ಆ ಹುಡುಗನ ಪಗಾರ ಎಷ್ಟು?"

ಹೇಳಿದೆ. ರೂಪಾಯಿ ಲೆಕ್ಕದಲ್ಲಿ ಕೇಳಿ ಸುಮ್ಮನಾದರು.

"ತೂತು ನಿಂತವೇನು?"

"ಇಲ್ಲ ಕಾಕಾ, ಕಡಿಮೆಯಾಗಿವೆ."

"ಮರಳಿನ ತೇವ ಬೆಳಿಗ್ಗೆ ಒಮ್ಮೆ ನೋಡಿದರೆ ಸಾಲದು, ಮಧ್ಯಾಹ್ನವೂ ನೋಡು ಎಂದು ಹೇಳು ಅವನಿಗೆ. ನಾನು ಕಂಡುಕೊಳ್ಳುವಷ್ಟರಲ್ಲಿ ನಾಲ್ಕು ವರ್ಷ ಹಿಡಿಯಿತು."

ಸೋಮವಾರ ಹೇಳಿದೆ. ಹುಡುಗ ನೋಟ್‌ಬುಕ್ ತೆಗೆದು ಬರೆದುಕೊಂಡ.