ಸರೋವರದ ದಡದಲ್ಲಿ ನೀರಿಗೆ ಬರ

ನಮ್ಮ ಆರ್‌ವಿ (ಮಲಗಲು, ಅಡುಗೆಗೆ, ಸ್ನಾನಕ್ಕೆ ಎಲ್ಲಕ್ಕೂ ಅನುಕೂಲವಿರುವ ಗಾಡಿಮನೆ) ಪ್ರವಾಸಕ್ಕೆಂದು ನಾನು ತಯಾರಿಸಿದ ಎಕ್ಸೆಲ್ ಹಾಳೆಯಲ್ಲಿ ಒಟ್ಟು 61 ಸಾಲುಗಳಿದ್ದವು. ಟಾರ್ಚಿನ ಬಿಡಿ ಬ್ಯಾಟರಿಯಿಂದ ಹಿಡಿದು ಸೊಳ್ಳೆ ಕಚ್ಚಿದ ಮೇಲೆ ಹಚ್ಚುವ ಮುಲಾಮಿನವರೆಗೆ ಎಲ್ಲಕ್ಕೂ ಒಂದೊಂದು ಸಾಲು, ಪ್ರತಿ ಸಾಲಿನ ಎದುರಿಗೆ ಹೊಣೆ ಹೊತ್ತವರ ಹೆಸರು. ನೀರಿನ ವಿಷಯಕ್ಕೆ ಮೀಸಲಾಗಿದ್ದುದು ಒಂದೇ ಸಾಲು. ಅದೂ ನೀರನ್ನು ಕಡಿಮೆ ಮಾಡುವುದು ಹೇಗೆಂಬುದರ ಬಗ್ಗೆ. ಹೊಣೆಯ ಅಂಕಣದಲ್ಲಿ ನನ್ನ ಹೆಸರೇ ಇತ್ತು.

ಹೊರಟಿದ್ದು ಅಮೆರಿಕದ ಮಿಷಿಗನ್ ರಾಜ್ಯದ ಮೇಲಿನ ಪರ್ಯಾಯದ್ವೀಪಕ್ಕೆ, ಸುಪೀರಿಯರ್ ಸರೋವರದ ದಡಕ್ಕೆ. ಅಲ್ಲಿನ ಸ್ಟೇಟ್ ಪಾರ್ಕುಗಳಲ್ಲಿ ಆರು ತಿಂಗಳು ಮುಂಚಿತವಾಗಿಯೇ ಜಾಗ ಕಾಯ್ದಿರಿಸಬಹುದು; ಬೇಸಗೆಯ ವಾರಾಂತ್ಯ ಬೇಕೆಂದರೆ ಕಾಯ್ದಿರಿಸಲೇಬೇಕು. ಹಾಗಾಗಿ ಕಿಟಕಿಯಾಚೆ ಹಿಮ ಬೀಳುತ್ತಿದ್ದ ಜನವರಿಯಲ್ಲಿ ಕುಳಿತು, ಜುಲೈ ತಿಂಗಳ ಬಿಸಿಲಿಗೆ ಯಾವ ಮರದ ನೆರಳು ಒಳ್ಳೆಯದೆಂದು ನಕ್ಷೆ ನೋಡಿ ನಿರ್ಧರಿಸಿದ್ದೆ. ನಮಗೆ ಸಿಕ್ಕ ಜಾಗದಲ್ಲಿ ವಿದ್ಯುತ್ ಸಂಪರ್ಕವಿತ್ತು, ನೀರಿನ ಸಂಪರ್ಕವಿರಲಿಲ್ಲ. ಅದೇನು ದೊಡ್ಡ ವಿಷಯವೆಂದು ಆಗ ಅನ್ನಿಸಲಿಲ್ಲ. ಗಾಡಿಯ ಹೊಟ್ಟೆಯಲ್ಲೇ 150 ಲೀಟರಿನ ಟ್ಯಾಂಕ್ ಇರುವಾಗ ಯಾರಿಗೆ ತಾನೇ ಅನ್ನಿಸೀತು?

ಕೆಟ್ಟಿದ್ದು ನನ್ನ ಲೆಕ್ಕಾಚಾರದಿಂದ. ಒಂದು ಲೀಟರ್ ನೀರು ಎಂದರೆ ಒಂದು ಕಿಲೋ ಭಾರ. 150 ಲೀಟರ್ ಹೊತ್ತು ಹೊರಡುವುದೆಂದರೆ ಇಬ್ಬರು ದಪ್ಪ ನೆಂಟರನ್ನು ಪುಕ್ಕಟೆಯಾಗಿ ಕರೆದೊಯ್ದಂತೆ. ಕ್ಯಾಂಪಿನ ಬಾಗಿಲಲ್ಲೇ ನೀರು ತುಂಬಿಸಿಕೊಳ್ಳುವ ಕೊಳಾಯಿ ಇರುವಾಗ ಇಲ್ಲಿಂದ ಹೊರುವುದೇಕೆಂದು ಮುಕ್ಕಾಲು ಪಾಲು ನೀರನ್ನು ಅಂಗಳದ ಹುಲ್ಲಿಗೆ ಬಿಟ್ಟೆ. "ನೀರು ಚೆಲ್ಲಿ ಪ್ರಯಾಣ ಹೊರಡುವವನನ್ನು ಇವತ್ತೇ ನೋಡಿದ್ದು," ಎಂದಳು ಅಮ್ಮ. ಇಂಧನದ ಉಳಿತಾಯವನ್ನು ಅವಳಿಗೆ ವಿವರಿಸಲು ಹೋಗಿ ಇನ್ನೂ ಅರ್ಧ ಗಂಟೆ ತಡ ಮಾಡಿದೆ.

ಮ್ಯಾಕಿನಾ ಸೇತುವೆಯ ಮೇಲೆ ಮೊದಲ ಪಶ್ಚಾತ್ತಾಪವಾಯಿತು. 1957ರಲ್ಲಿ ಸಂಚಾರಕ್ಕೆ ತೆರೆದ, ಸುಮಾರು ಎಂಟು ಕಿಲೋಮೀಟರ್ ಉದ್ದದ ಈ ಸೇತುವೆ ನಡುಮಧ್ಯದಲ್ಲಿ ನೀರಿನಿಂದ ಅರವತ್ತು ಮೀಟರ್ ಎತ್ತರದಲ್ಲಿದೆ. ಒಳಗಿನ ಲೇನುಗಳಲ್ಲಂತೂ ರಸ್ತೆಯ ಬದಲು ಉಕ್ಕಿನ ಜಾಲರಿ. ನಾವಿದ್ದುದು ಹೊರಗಿನ ಲೇನಿನಲ್ಲೇ ಆದರೂ, ಗೋಡೆಯಂಥ ಮೈಯ ನಮ್ಮ ಗಾಡಿಗೆ ಗಾಳಿ ಪಕ್ಕದಿಂದ ಹೊಡೆದಾಗಲೆಲ್ಲ ಸ್ಟಿಯರಿಂಗ್ ನನ್ನ ಮಾತು ಕೇಳುವುದನ್ನು ಬಿಡುತ್ತಿತ್ತು. ಆ ಇಬ್ಬರು ದಪ್ಪ ನೆಂಟರು ಕೆಳಗೆ ಕುಳಿತಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ. ಹೆಂಡತಿ ಕಣ್ಣು ಮುಚ್ಚಿಕೊಂಡಿದ್ದಳು. ಮಗಳು ಜಾಲರಿಯ ಲೇನಿಗೆ ಹೋಗೋಣವೆಂದು ಹಟ ಹಿಡಿದಿದ್ದಳು.

ಜುಲೈನಲ್ಲಿ ಅಲ್ಲಿ ಬೆಳಕು ಆರುವಾಗ ರಾತ್ರಿ ಹತ್ತು ದಾಟಿರುತ್ತದೆ. ನಾವು ತಲುಪಿದ್ದು ಅದಕ್ಕೂ ತಡವಾಗಿ. ಕತ್ತಲಲ್ಲಿ ಬಾಗಿಲ ಬಳಿಯ ಕೊಳಾಯಿ ಕಣ್ಣಿಗೆ ಬೀಳಲೇ ಇಲ್ಲ. ನಮ್ಮ ಜಾಗಕ್ಕೆ ಹೋಗಿ, ಗಾಡಿ ನಿಲ್ಲಿಸಿ, ಸಮತಟ್ಟು ಮಾಡುವ ಕೆಲಸಕ್ಕೆ ಕೈ ಹಾಕಿದೆವು. ಆರ್‌ವಿಯ ಗಾಲಿಗಳ ಕೆಳಗೆ ಪ್ಲಾಸ್ಟಿಕ್ ಹಲಗೆಗಳನ್ನಿಟ್ಟು ಅದನ್ನು ಮಟ್ಟಕ್ಕೆ ತರದಿದ್ದರೆ ಮಲಗಿದವರು ಒಂದು ಬದಿಗೆ ಉರುಳುವುದು ಒತ್ತಟ್ಟಿಗಿರಲಿ, ಗ್ಯಾಸಿನಲ್ಲಿ ನಡೆಯುವ ಹಳೆಯ ಬಗೆಯ ಫ್ರಿಜ್ ಕೂಡ ಕೆಲಸ ಮಾಡಲು ಒಪ್ಪುವುದಿಲ್ಲ. ಮಗಳು ಒಳಗೆ ನೆಲದ ಮೇಲೆ ಗೋಲಿ ಬಿಡುವುದು, ಅದು ಬಾಗಿಲ ಕಡೆ ಉರುಳಿದರೆ ಹೆಂಡತಿ ಕಿಟಕಿಯಿಂದ ಪಿಸುಗುಡುವುದು, ನಾನು ಹಲಗೆ ಬದಲಿಸಿ ಗಾಡಿಯನ್ನು ಒಂದು ಗೇಣು ಮುಂದೆ ತರುವುದು. ಪಿಸುಗುಡಲು ಕಾರಣವಿತ್ತು: ರಾತ್ರಿ 10ರಿಂದ ಬೆಳಗ್ಗೆ 8ರವರೆಗೆ ಅಲ್ಲಿ ಸದ್ದು ಮಾಡುವಂತಿಲ್ಲ. ಏಳನೆಯ ಸಲಕ್ಕೆ ಗೋಲಿ ನಿಂತಿತು. ಆಮೇಲೆ ನೋಡಿದರೆ ಅದು ಅಮ್ಮನ ಚಪ್ಪಲಿಗೆ ತಗುಲಿ ನಿಂತಿತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಬೆಳಗ್ಗೆ ಹೆಂಡತಿ ಸ್ನಾನಕ್ಕೆ ಇಳಿದು ತಲೆಗೆ ಶಾಂಪೂ ಹಚ್ಚಿಕೊಂಡ ಸ್ವಲ್ಪ ಹೊತ್ತಿಗೆ ಪಂಪಿನ ಸದ್ದು ಬದಲಾಯಿತು. ನೀರೆಳೆಯುವಾಗ ಗುರ್ ಎನ್ನುವುದು, ಗಾಳಿಯೆಳೆಯುವಾಗ ಕರ್ ಎನ್ನುತ್ತದೆ. ಗೋಡೆಯ ಮೇಲಿನ ದೀಪಗಳು ಮಾತ್ರ ಟ್ಯಾಂಕ್ ಇನ್ನೂ ಕಾಲು ಭಾಗ ತುಂಬಿದೆಯೆಂದೇ ಸಾಧಿಸುತ್ತಿದ್ದವು. ಆರ್‌ವಿಯ ಆ ದೀಪಗಳನ್ನು ನಂಬಿದವರು ಯಾರೂ ಇದುವರೆಗೆ ಉದ್ಧಾರವಾಗಿಲ್ಲ.

"ರೀ, ನೀರು ನಿಂತುಹೋಯ್ತು!"

"ಎದುರಿಗೇ ಸರೋವರ ಇದೆಯಲ್ಲ," ಎಂದುಬಿಟ್ಟೆ. ಬಾಯಿಂದ ಹೊರಬಿದ್ದ ಕ್ಷಣದಲ್ಲೇ ತಪ್ಪೆಂದು ಗೊತ್ತಾಯಿತು. ಎದುರಿಗಿದ್ದುದು 82,000 ಚದರ ಕಿಲೋಮೀಟರಿಗೂ ಮಿಗಿಲಾದ, ಮೇಲ್ಮೈ ವಿಸ್ತಾರದಲ್ಲಿ ಜಗತ್ತಿನ ಅತಿ ದೊಡ್ಡ ಸಿಹಿನೀರಿನ ಸರೋವರ. ಭೂಮಿಯ ಮೇಲ್ಮೈಯಲ್ಲಿರುವ ಸಿಹಿನೀರಿನ ಸುಮಾರು ಹತ್ತನೆಯ ಒಂದು ಪಾಲು ಅದೊಂದರಲ್ಲೇ ಇದೆ. ಆದರೆ ನೊರೆಯ ತಲೆಯನ್ನು ಅದರಲ್ಲಿ ಅದ್ದುವುದು ಸರೋವರಕ್ಕೂ ಒಳ್ಳೆಯದಲ್ಲ, ತಲೆಗೂ ಒಳ್ಳೆಯದಲ್ಲ; ಜುಲೈನಲ್ಲೂ ಅದರ ನೀರು ಮೊಣಕಾಲಿನವರೆಗೆ ಇಳಿದವರ ಮೂಳೆ ನೋಯುವಷ್ಟು ತಣ್ಣಗಿರುತ್ತದೆ. ಅಮ್ಮ ಕಿಟಕಿಯಿಂದ ನೋಡುತ್ತಾ, "ಇಷ್ಟು ನೀರಿನ ಎದುರಿಗೆ ಕೂತು ನೀರಿಲ್ಲ ಅನ್ನೋರು ನಾವೇ ಇರಬೇಕು ಕಣೋ," ಎಂದಳು.

ಗಾಡಿಯನ್ನೇ ಕೊಳಾಯಿಯ ಬಳಿಗೆ ಒಯ್ಯಬಹುದಿತ್ತು. ಆದರೆ ಅದಕ್ಕೆ ವಿದ್ಯುತ್ ತಂತಿ ಬಿಚ್ಚಬೇಕು, ಹಲಗೆಗಳಿಂದ ಇಳಿಸಬೇಕು, ಮರಳಿ ಬಂದು ಗೋಲಿಯಾಟವನ್ನು ಮೊದಲಿನಿಂದ ಆಡಬೇಕು. ಹಾಗಾಗಿ ಹತ್ತೊಂಬತ್ತು ಲೀಟರಿನ ಕ್ಯಾನ್ ಹಿಡಿದು ನಡೆದೇ ಹೊರಟೆ. ತುಂಬಿದ ಕ್ಯಾನ್ ತಂದು ನಿಂತಾಗ ಗಾಡಿಯ ಪಕ್ಕದ ನೀರಿನ ಬಾಯಿಗೆ ಬೇಕಾದ ಆಲಿಕೆ 61 ಸಾಲುಗಳಲ್ಲಿ ಎಲ್ಲಿಯೂ ಇಲ್ಲವೆಂಬುದು ತಿಳಿಯಿತು. ಮಗಳು ಸೋಡಾ ಬಾಟಲಿಯ ಬುಡ ಕತ್ತರಿಸಿ ಒಂದನ್ನು ಮಾಡಿಕೊಟ್ಟಳು. ಕ್ಯಾನನ್ನು ಎದೆಯ ಮಟ್ಟಕ್ಕೆತ್ತಿ ಸುರಿಯುವಾಗ ಮೂರನೆಯ ಒಂದು ಪಾಲು ಟ್ಯಾಂಕಿಗೆ, ಮಿಕ್ಕಿದ್ದು ನನ್ನ ತೋಳಿನೊಳಗೆ. ಪಕ್ಕದ ಜಾಗದ ಹಿರಿಯರು ಕಾಫಿ ಕುಡಿಯುತ್ತಾ ನನ್ನ ಐದು ಸುತ್ತನ್ನೂ ಪೂರ್ತಿ ನೋಡಿ, ಆರನೆಯದಕ್ಕೆ ಹೊರಟಾಗ ತಮ್ಮ ಎರಡು ಗಾಲಿಯ ಕೈಗಾಡಿಯನ್ನು ತಂದು ಕೊಟ್ಟರು.

ಮಧ್ಯಾಹ್ನ ಸುಸ್ತಾಗಿ ಒರಗಿದ್ದವನಿಗೆ ಪಂಪಿನ ಗುರ್ ಸದ್ದು ಕೇಳಿ ಎಚ್ಚರವಾಯಿತು. ಮಗಳು ದಡದಿಂದ ಅಗೇಟ್ ಕಲ್ಲುಗಳನ್ನು ಆರಿಸಿ ತಂದಿದ್ದಳು. ರಾಜ್ಯದ ಜಾಗದಿಂದ ವರ್ಷಕ್ಕೆ 25 ಪೌಂಡ್ ಕಲ್ಲು ಒಯ್ಯಬಹುದೆಂಬ ನಿಯಮವನ್ನು ಅವಳಿಗೆ ಓದಿ ಹೇಳಿದವನು ನಾನೇ. ಆ ಮಿತಿಯನ್ನು ಮುಟ್ಟುವ ಉದ್ದೇಶ ಅವಳಿಗಿತ್ತು. ಒಣಗಿದರೆ ಮಂಕಾಗಿ ಯಾವುದೋ ಜಲ್ಲಿಯಂತೆ ಕಾಣುವ ಈ ಕಲ್ಲುಗಳ ಕೆಂಪು ಪಟ್ಟೆಗಳು ಒದ್ದೆಯಾದಾಗಲೇ ಮಿಂಚುವುದು. ಅದಕ್ಕೇ ಅವಳು ಸಿಂಕಿನ ಬಿರಡೆ ಹಾಕಿ, ನಲ್ಲಿ ತಿರುಗಿಸಿ, ಅಂಚಿನವರೆಗೆ ನೀರು ತುಂಬಿಸಿ ಕಲ್ಲುಗಳನ್ನು ಅದರಲ್ಲಿ ಮುಳುಗಿಸಿಟ್ಟಿದ್ದಳು.

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಸಿಂಕಿನ ಮೇಲೆ ಬಗ್ಗಿ, "ಸುಮ್ನಿರೋ, ಎಷ್ಟು ಚೆಂದ ಕಾಣ್ತಿವೆ ನೋಡು. ಇನ್ನೂ ಸ್ವಲ್ಪ ನೀರು ಬಿಡು ಪುಟ್ಟಿ," ಎಂದಳು.